ಬಾಣಬಿರುಸಿನ ಫೋಟೋ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರಾತ್ರಿ ಬಾಣಬಿರುಸಿನ ಫೋಟೋ ತೆಗೆದರೆ ಬಣ್ಣವೆಲ್ಲ ಹೋಗಿ ಬರೀ ಬಿಳಿ ಗೆರೆಗಳು ಬರುತ್ತವೆ. ಬೆಳಕು ಜಾಸ್ತಿ ಆಯಿತೇನೋ ಅಂತ ಶಟರ್ ಅನ್ನು 4 ಸೆಕೆಂಡಿನಿಂದ 2ಕ್ಕೆ, ಆಮೇಲೆ 1ಕ್ಕೆ ಇಳಿಸಿದೆ. ಆಕಾಶ ಕಪ್ಪಾಯಿತು, ಗೆರೆ ಮಾತ್ರ ಹಾಗೇ ಇದೆ. ಅಪರ್ಚರ್ ಎಫ್ 4, ಐಎಸ್ಒ 400 ಇಟ್ಟಿದ್ದೆ. ಎಲ್ಲಿ ತಪ್ಪಿದೆ?

ಉತ್ತರ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ ಅಂಕಿ ಹೆಚ್ಚಾದಷ್ಟೂ ಅದು ಸಣ್ಣ) ಕಿರಿದು ಮಾಡಿ, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) ಇಳಿಸಿ. ಶಟರ್, ಅಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಅನ್ನುವ ವಿಷಯ, ಸದ್ಯಕ್ಕೆ ಬಿಡಿ.

ಕಿಡಿ ಒಂದು ಕಡೆ ನಿಲ್ಲುವುದಿಲ್ಲ, ಓಡುತ್ತಾ ಇರುತ್ತದೆ. ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಮೇಲಿನ ಒಂದು ಚುಕ್ಕೆಯನ್ನು ಅದು ಕಣ್ಣು ಮಿಟುಕಿಸುವುದರೊಳಗೆ ದಾಟಿ ಹೋಗಿಬಿಡುತ್ತದೆ. ಆ ಚುಕ್ಕೆಗೆ ಸಿಕ್ಕ ಬೆಳಕು ಅಷ್ಟೇ. ಆಮೇಲೆ ಶಟರ್ 2 ಸೆಕೆಂಡು ತೆರೆದಿರಲಿ, 10 ಸೆಕೆಂಡು ತೆರೆದಿರಲಿ, ಇನ್ನೊಂದು ಬಾಣ ಅದೇ ಜಾಗದಲ್ಲಿ ಅರಳಿದರೆ ಮಾತ್ರ ಅಲ್ಲಿ ಮತ್ತೆ ಬೆಳಕು ಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ನೀವು ಶಟರ್ ಎಷ್ಟೇ ಇಳಿಸಿದರೂ ಗೆರೆಯ ಬಿಳುಪು ಕಮ್ಮಿ ಆಗಲಿಲ್ಲ. ಆಕಾಶ, ಹೊಗೆ, ಕೆಳಗಿನ ಕಟ್ಟಡ ಇವೆಲ್ಲ ನಿಂತಲ್ಲೇ ನಿಂತಿರುತ್ತವೆ ಅಲ್ವಾ? ಶಟರ್ ಹೊತ್ತು ಅವುಗಳ ಲೆಕ್ಕ. ಜೊತೆಗೆ ಒಂದು ಫೋಟೋದಲ್ಲಿ ಎಷ್ಟು ಬಾಣ ಬೀಳಬೇಕು ಅನ್ನುವುದರ ಲೆಕ್ಕ. ಗೆರೆ ಎಷ್ಟು ಬೆಳಗಬೇಕು ಅನ್ನುವುದು ಅಪರ್ಚರ್ ಮತ್ತು ಐಎಸ್ಒ ಕೈಯಲ್ಲಿದೆ. ಈ ಒಂದು ಮಾತು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಹಗಲಲ್ಲಿ ಫೋಟೋ ತೆಗೆದು ಅಭ್ಯಾಸ ಆದವರೆಲ್ಲ ಎಡವುವುದು ಇಲ್ಲೇ.

ಎಫ್ 4ರಿಂದ ಎಫ್ 8ಕ್ಕೆ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಐಎಸ್ಒ 400ರಿಂದ 100ಕ್ಕೆ ಇಳಿಸಿದರೆ ಅದರಲ್ಲೂ ಕಾಲು ಭಾಗ. ಎರಡೂ ಸೇರಿ ಹದಿನಾರರಲ್ಲಿ ಒಂದು ಪಾಲು. ಅಲ್ಲಿಂದ ಶುರು ಮಾಡಿ. ಇನ್ನೂ ಬಿಳಿ ಅನಿಸಿದರೆ ಎಫ್ 11, ಕೊನೆಯ ಅಬ್ಬರದಲ್ಲಿ ಎಫ್ 16.

ಬಣ್ಣ ಯಾಕೆ ಹೋಗುತ್ತದೆ ಅಂತ ನೋಡಬೇಕಾದರೆ ನಿಮ್ಮ ಹಳೆಯ ಫೋಟೋ ಒಂದನ್ನು ಪೂರ್ತಿ ದೊಡ್ಡದು ಮಾಡಿ. ಒಂದು ಕೆಂಪು ಕಿಡಿಯ ಗೆರೆ ಹಿಡಿದುಕೊಂಡು ಬುಡದಿಂದ ತುದಿವರೆಗೆ ಹೋಗಿ. ನಡುವೆ ಪೂರ್ತಿ ಬಿಳಿ, ಎರಡೂ ಅಂಚಲ್ಲಿ ಕೂದಲೆಳೆಯಷ್ಟು ಕೆಂಪು, ಕಿಡಿ ಆರುವ ತುದಿಯಲ್ಲಿ ಮಾತ್ರ ನಿಜವಾದ ಬಣ್ಣ. ಸೆನ್ಸರ್ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಕೆಂಪಿನ ಪಾಲು ತುಂಬಿ ತುಳುಕಿದ ಮೇಲೆ ಹಸಿರು, ನೀಲಿ ಪಾಲೂ ತುಂಬುತ್ತಾ ಹೋಗುತ್ತವೆ. ಆಗ ಕೆಂಪು ಮೊದಲು ಹಳದಿಗೆ ತಿರುಗಿ, ಆಮೇಲೆ ಬಿಳಿ ಆಗುತ್ತದೆ. ಮದ್ದಿನಲ್ಲಿ ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ಹಳದಿಗೆ ಸೋಡಿಯಂ, ನೀಲಿಗೆ ತಾಮ್ರದ ಸಂಯುಕ್ತ ಇರುತ್ತದೆ. ನೀಲಿ ಬಲು ನಾಜೂಕು. ಬೆಂಕಿ ಹೆಚ್ಚು ಬಿಸಿಯಾದರೆ ಆ ಬಣ್ಣ ಕೊಡುವ ಕಣವೇ ಒಡೆದುಹೋಗುತ್ತದೆ, ಅದಕ್ಕೇ ಒಳ್ಳೆ ನೀಲಿ ಮಾಡುವುದು ಕಷ್ಟ. ಬಿಳಿ ಬೆಳಕು ಕೊಡುವ ಅಲ್ಯೂಮಿನಿಯಂ, ಮೆಗ್ನೀಷಿಯಂ, ಟೈಟಾನಿಯಂ ಕಿಡಿಗಳು ಇವೆಲ್ಲಕ್ಕಿಂತ ಎಷ್ಟೋ ಪಟ್ಟು ಪ್ರಖರ. ಒಂದೇ ಸೆಟ್ಟಿಂಗಿನಲ್ಲಿ ಎರಡನ್ನೂ ಸರಿಯಾಗಿ ಹಿಡಿಯುವುದು ಕಷ್ಟ. ನಾನಾದರೆ ಬಣ್ಣದ ಕಡೆಗೇ ನಿಲ್ಲುತ್ತೇನೆ. ಬಿಳಿ ಸ್ವಲ್ಪ ಸುಟ್ಟರೂ ಪರವಾಗಿಲ್ಲ, ಅದು ಹೇಗಿದ್ದರೂ ಬಿಳಿಯೇ.

ಪ್ರಶ್ನೆ: ಬಟನ್ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು? ನಾನು ಒತ್ತುವಷ್ಟರಲ್ಲಿ ಹೂವು ಅರಳಿ ಮುಗಿದಿರುತ್ತದೆ.

ಉತ್ತರ: ಬಹುಶಃ ನೀವು ಸದ್ದು ಕೇಳಿ ಒತ್ತುತ್ತಿದ್ದೀರಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ದೂರ ನಿಂತಿದ್ದರೆ ಕೊಳವೆಯಿಂದ ಹಾರಿದ ಸದ್ದು ನಿಮಗೆ ಮುಟ್ಟುವಾಗ 3 ಸೆಕೆಂಡು ಕಳೆದಿರುತ್ತದೆ. ಕಿವಿ ಬಿಟ್ಟು ಕಣ್ಣು ನಂಬಿ. ನೆಲದಿಂದ ಸಣ್ಣ ಬಾಲ ಬಿಟ್ಟುಕೊಂಡು ಕಿಡಿ ಏರುವುದು ಕಾಣುತ್ತದಲ್ಲ, ಆಗ ಒತ್ತಿ. ಅರಳಿ, ಕಿಡಿಗಳು ಬಾಗಿ, ಕೆಳಗಿಳಿಯುತ್ತಾ ಆರುವವರೆಗೆ ಕಾದು ಬಿಡಿ.

ಇದಕ್ಕೆ ಬಲ್ಬ್ ಮೋಡ್ ಬೇಕು, ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ. ಬೆರಳಿಂದ ಒತ್ತಿದರೆ ಕ್ಯಾಮೆರಾ ಅಲುಗಾಡುತ್ತದೆ, ಹಾಗಾಗಿ ರಿಮೋಟ್ ಇರಲಿ. ಟ್ರೈಪಾಡ್ ಅಂತೂ ಬೇಕೇ ಬೇಕು. ಅದರ ನಡುಗಂಬ ಮೇಲೆತ್ತಬೇಡಿ, ಗಾಳಿಗೆ ನಡುಗುತ್ತದೆ. ಲೆನ್ಸಿನ ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ಸೌಲಭ್ಯ) ಆಫ್ ಮಾಡಿ. ಲೆನ್ಸಿನ ಮುಂದೆ ಹಾಕಿರುವ ಯುವಿ ಫಿಲ್ಟರ್ ಗಾಜು ಕೂಡ ತೆಗೆದಿಡಿ, ಅದರಲ್ಲಿ ಬೆಳಕು ಪ್ರತಿಫಲಿಸಿ ಫೋಟೋದಲ್ಲಿ ಇಲ್ಲದ ಚುಕ್ಕೆ ಮೂಡುತ್ತದೆ.

ಒಂದೇ ಫೋಟೋದಲ್ಲಿ ಮೂರು ನಾಲ್ಕು ಹೂವು ಬೇಕೆಂದರೆ ಕಪ್ಪು ರಟ್ಟು ಒಂದು ಸಾಕು. ಶಟರ್ ತೆರೆದೇ ಇಡಿ, ಒಂದು ಬಾಣ ಮುಗಿದ ಕೂಡಲೇ ಲೆನ್ಸಿನ ಮುಂದೆ ರಟ್ಟು ಹಿಡಿಯಿರಿ, ತಾಗಿಸಬೇಡಿ. ಮುಂದಿನದು ಏರುವಾಗ ತೆಗೆಯಿರಿ. ಮಧ್ಯದ ಹೊಗೆ, ಆಕಾಶದ ಬೆಳಕು ಒಳಗೆ ಬರುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿ, ಜಾಸ್ತಿ ತುಂಬಿದರೆ ಯಾವ ಹೂವು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತಾ ಹಿಂದೆ ಮುಂದೆ ಹೋಗುತ್ತಲೇ ಇರುತ್ತದೆ.

ಉತ್ತರ: ಶುರುವಾಗುವ ಮೊದಲೇ ಫೋಕಸ್ ಮುಗಿಸಿಬಿಡಿ. ಬಾಣ ಹಾರುವ ಜಾಗದ ಹತ್ತಿರ ದೂರದ ದೀಪ ಯಾವುದಾದರೂ ಇರುತ್ತದೆ, ಅದರ ಮೇಲೆ ಆಟೋಫೋಕಸ್ ಮಾಡಿ ಮ್ಯಾನುಯಲ್‌ಗೆ ಬದಲಿಸಿ. ಫೋಕಸ್ ರಿಂಗಿನ ಮೇಲೆ ಆ ಜಾಗದ ಗುರುತಿಗೆ ಒಂದು ಟೇಪ್ ಅಂಟಿಸಿ. ಸುಮ್ನೆ ಅನಂತದ (∞) ಗುರುತಿಗೆ ತಿರುಗಿಸಿ ಇಡಬೇಡಿ, ಎಷ್ಟೋ ಲೆನ್ಸ್‌ಗಳ ರಿಂಗ್ ಅದನ್ನೂ ದಾಟಿ ಮುಂದೆ ಹೋಗುತ್ತದೆ.

ಪ್ರಶ್ನೆ: ಒಂದು ಫೋಟೋ ತೆಗೆದ ಮೇಲೆ ಕ್ಯಾಮೆರಾ ತುಂಬ ಹೊತ್ತು ಏನೂ ಮಾಡಲು ಬಿಡುವುದಿಲ್ಲ. ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ತುಂಬ ಹೊತ್ತಿನ ಫೋಟೋದಲ್ಲಿ ಮೂಡುವ ಬೇಡದ ಚುಕ್ಕೆ ಕಮ್ಮಿ ಮಾಡುವ ಸೆಟ್ಟಿಂಗ್) ಆನ್ ಇರಬೇಕು. ನೀವು 8 ಸೆಕೆಂಡಿನ ಫೋಟೋ ತೆಗೆದರೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೊಂದು 8 ಸೆಕೆಂಡಿನ ಕಪ್ಪು ಫೋಟೋ ತೆಗೆದು, ಮೊದಲಿನದರಿಂದ ಕಳೆಯುತ್ತದೆ. ನಕ್ಷತ್ರಕ್ಕೆ ಸರಿ, ಬಾಣಬಿರುಸಿಗೆ ಬೇಡ. ನನಗೂ ಒಮ್ಮೆ ಹೀಗಾಗಿದೆ. ನೀರಿನ ಆಚೆ ದಡದಲ್ಲಿ ಹಸಿರು ಹೂವುಗಳು ಒಂದರ ಹಿಂದೆ ಒಂದು ಅರಳುತ್ತಿದ್ದವು, ಕೆಳಗೆ ನೀರಲ್ಲೂ ಅಷ್ಟೇ ಹಸಿರು, ನನ್ನ ಕ್ಯಾಮೆರಾದ ಪುಟ್ಟ ಕೆಂಪು ದೀಪ ಮಿನುಗುತ್ತಾ ಕೂತಿತ್ತು. ಆ ಸಾಲು ಇವತ್ತಿಗೂ ಕಣ್ಣಲ್ಲಿದೆ, ಕಾರ್ಡಿನಲ್ಲಿಲ್ಲ. ಹೊರಡುವ ಮೊದಲು ಮನೆಯಲ್ಲೇ ಅದನ್ನು ಆಫ್ ಮಾಡಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಫೋನ್ ಮಾತ್ರ. ಆಗುತ್ತದಾ?

ಉತ್ತರ: ಆಗುತ್ತದೆ, ಆದರೆ ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲ, ದೊಡ್ಡದಾಗಿಯೇ ತೆರೆದಿರುತ್ತದೆ. ಆದ್ದರಿಂದ ಪ್ರೋ ಮೋಡಿನಲ್ಲಿ (ಸೆಟ್ಟಿಂಗ್ ನಾವೇ ಇಡುವ ಮೋಡ್) ಐಎಸ್ಒ ಅತಿ ಕಡಿಮೆಗೆ ಇಳಿಸಿ, ಶಟರ್ 1ರಿಂದ 2 ಸೆಕೆಂಡು ಇಡಿ. ಗೆರೆ ಸ್ವಲ್ಪ ಬೆಳ್ಳಗೆ ಬರುವುದು ಇದ್ದದ್ದೇ. ಫ್ಲ್ಯಾಶ್ ಬೇಡ. ಐಫೋನ್ ಆದರೆ ಲೈವ್ ಫೋಟೋ ತೆಗೆದು ಆಮೇಲೆ ಅದನ್ನೇ ಲಾಂಗ್ ಎಕ್ಸ್‌ಪೋಷರ್ ಆಗಿ ಬದಲಿಸಬಹುದು. ಯಾವುದಕ್ಕೇ ಆದರೂ ಫೋನ್ ಎಲ್ಲಾದರೂ ಒರಗಿಸಿ ನಿಲ್ಲಿಸಿ.

ಪ್ರಶ್ನೆ: ಹತ್ತು ನಿಮಿಷ ಆದ ಮೇಲೆ ಎಲ್ಲ ಫೋಟೋದಲ್ಲೂ ಬರೀ ಹೊಗೆ.

ಉತ್ತರ: ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆ ನಿಲ್ಲಿ, ಇಲ್ಲವೇ ಪಕ್ಕಕ್ಕೆ ಬೀಸುವ ಕಡೆ. ಎದುರಿನಿಂದ ಬೀಸಿದರೆ ಹೊಗೆಯೆಲ್ಲ ನಿಮ್ಮ ಲೆನ್ಸಿನ ಮುಂದೆಯೇ ಬರುತ್ತದೆ. ಒಳ್ಳೆಯ ಫೋಟೋಗಳು ಮೊದಲ ಕೆಲವು ನಿಮಿಷದಲ್ಲೇ ಸಿಗುತ್ತವೆ, ಆಕಾಶ ಆಗಿನ್ನೂ ಶುಭ್ರವಾಗಿರುತ್ತದೆ. ಎಲ್ಲರೂ ಕೊನೆಯ ಅಬ್ಬರಕ್ಕೆ ಕಾಯುತ್ತಾರೆ, ಆದರೆ ಅಷ್ಟರಲ್ಲಿ ಹೊಗೆ ದಟ್ಟವಾಗಿ ಅದೇ ಬೆಳಗತೊಡಗುತ್ತದೆ. ಆ ಹೊತ್ತಿಗೆ ಶಟರ್ ಕೂಡ ಒಂದೆರಡು ಸೆಕೆಂಡಿಗೆ ಇಳಿಸಿ.

ಪ್ರಶ್ನೆ: ಬೇರೆ ಬೇರೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ಒಂದು ಮಾಡುವುದು ಮೋಸ ಅಲ್ವಾ?

ಉತ್ತರ: ಟ್ರೈಪಾಡ್ ಕದಲಿಸದೆ ಅದೇ ರಾತ್ರಿ, ಅದೇ ಜಾಗದಿಂದ ತೆಗೆದಿದ್ದರೆ ನನಗೆ ಮೋಸ ಅನಿಸುವುದಿಲ್ಲ. ಕಪ್ಪು ರಟ್ಟಿನಿಂದ ಆಗುವುದೂ ಅದೇ ಕೆಲಸ. ಲೇಯರ್‌ಗಳನ್ನು (ಅಂದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಪದರಗಳಾಗಿ ತೆರೆದ ಫೋಟೋಗಳನ್ನು) ಒಂದರ ಮೇಲೊಂದು ಇಟ್ಟು, ಅವು ಬೆರೆಯುವ ಬಗೆಗೆ ಲೈಟನ್ ಅಂತ ಆರಿಸಿದರೆ ಬೆಳಗಿರುವ ಭಾಗ ಮಾತ್ರ ಉಳಿಯುತ್ತದೆ. ಆದರೆ ಎಲ್ಲೋ ತೆಗೆದ ಬಾಣವನ್ನು ಇನ್ನೆಲ್ಲೋ ತೆಗೆದ ಊರಿನ ಮೇಲೆ ಅಂಟಿಸಿ, ಹೀಗೇ ಇತ್ತು ಅಂತ ತೋರಿಸುವುದು ಸರಿಯಲ್ಲ. ಸೇರಿಸಿದ್ದರೆ ಫೋಟೋದ ಕೆಳಗೆ ಒಂದು ಸಾಲು ಬರೆದುಬಿಡಿ.

ಪ್ರಶ್ನೆ: ಕೆಲವು ಫೋಟೋದಲ್ಲಿ ಕಿಡಿಗಳು ಗೆರೆಯ ಬದಲು ದಳದ ಥರ ಕಾಣುತ್ತವೆ. ಅದು ಹೇಗೆ?

ಉತ್ತರ: ಫೋಕಸ್ ರಿಂಗ್ ತಿರುಗಿಸಿ. ಮೊದಲು ಫೋಕಸ್ ಬೇಕೆಂದೇ ಕೆಡಿಸಿಕೊಂಡು ಶಟರ್ ತೆರೆಯಿರಿ. ಹೂವು ಅರಳಿದ ಕ್ಷಣದಿಂದ ನಿಧಾನವಾಗಿ, ಒಂದು ಎರಡು ಅಂತ ಎಣಿಸುತ್ತಾ, ಟೇಪ್ ಅಂಟಿಸಿದ ಗುರುತಿಗೆ ರಿಂಗ್ ತನ್ನಿ. ಬುಡದಲ್ಲಿ ದಪ್ಪ, ತುದಿಯಲ್ಲಿ ಸೂಜಿಯಷ್ಟು ಚೂಪು, ಅಂಥ ದಳ ಬರುತ್ತದೆ. ಕೈ ಹಗುರ ಇರಲಿ, ಕ್ಯಾಮೆರಾ ಕದಲಿದರೆ ದಳಗಳೆಲ್ಲ ಅಂಕುಡೊಂಕು ಆಗುತ್ತವೆ. ಹತ್ತಾರು ಸಲ ಮಾಡಿದರೆ ಒಂದೆರಡು ಚೆನ್ನಾಗಿ ಬರುತ್ತವೆ.