ವಾರಂಟಿ ಇರುವ ಬೈಕಿಗೆ ಮನೆಯಲ್ಲೇ ಸರ್ವಿಸ್: ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಬೇಡ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ ಮಾರಾಯ್ರೇ: ಬೈಕಿಗೆ ಇನ್ನೂ ವರ್ಷ ತುಂಬಿಲ್ಲ. ಮನೆ ದೇವಿಮನೆ ಘಟ್ಟದ ಹತ್ತಿರದ ಹಳ್ಳಿಯಲ್ಲಿ, ಸರ್ವಿಸ್ ಸೆಂಟರ್ ಶಿರಸಿಯಲ್ಲಿ. ಪ್ರತಿ ಸಲ ಒಂದು ದಿನದ ತೋಟದ ಕೆಲಸ ಹಾಳು. ಆಯಿಲ್ ಬದಲಿಸೋದು, ಚೈನ್ ಬಿಗಿ ಮಾಡೋದು ನಿಮಗೇ ಬರುತ್ತೆ. ಮನೆಯಲ್ಲೇ ಮಾಡಿಕೊಂಡರೆ ವಾರಂಟಿ ಹೋಗುತ್ತಾ? ಮೇಲೆ ಒಬ್ಬರು "ಏನೂ ಆಗಲ್ಲ, ಕಾನೂನು ನಮ್ಮ ಪರ ಇದೆ" ಅಂದಿದ್ದಾರೆ. ಇನ್ನೊಬ್ಬರು "ಒಂದು ಸ್ಕ್ರೂ ಮುಟ್ಟಿದರೂ ಮುಗೀತು" ಅಂದಿದ್ದಾರೆ. ಎರಡೂ ಪೂರ್ತಿ ಸರಿಯಲ್ಲ.

ಮೊದಲು ಆ ಕಾನೂನಿನ ಮಾತು. ಯೂಟ್ಯೂಬಿನಲ್ಲಿ ಧೈರ್ಯವಾಗಿ "ಸ್ವಂತ ಸರ್ವಿಸ್ ಮಾಡಿದರೆ ವಾರಂಟಿ ರದ್ದು ಮಾಡೋ ಹಾಗಿಲ್ಲ" ಅನ್ನುವವರು ಹೆಚ್ಚಾಗಿ ಅಮೆರಿಕದವರು. ಅಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ನಮ್ಮಲ್ಲೇ ಸರ್ವಿಸ್ ಮಾಡಿಸಬೇಕು, ನಮ್ಮದೇ ಪಾರ್ಟ್ ಹಾಕಬೇಕು ಅಂತ ಕಂಪನಿ ಸುಮ್ನೆ ಕಟ್ಟುಪಾಡು ಹಾಕೋಕೆ ಅದು ಬಿಡಲ್ಲ. ಅದು ಅಮೆರಿಕಕ್ಕೆ ಮಾತ್ರ. ನಮ್ಮಲ್ಲಿ ಅಷ್ಟು ನೇರವಾಗಿ ಹೇಳುವ ಕಾಯ್ದೆ ಇಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ ಹೊರಗೆ ಸಿಗದ ಹಾಗೆ ಮಾಡಿದ್ದು, ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ಇಲ್ಲ ಅಂದಿದ್ದು, ಇದೆಲ್ಲ ಅದರಲ್ಲಿತ್ತು. ಆದರೆ ಅದು ಕಾರಿನ ಪ್ರಕರಣ, ಆಮೇಲೆ ಮೇಲ್ಮನವಿಗೂ ಹೋಯಿತು. ಶಿರಸಿಯ ಕೌಂಟರಿನಲ್ಲಿ ನಿಂತು ಅದನ್ನು ಹೇಳಿದರೆ ಆ ಹುಡುಗ ನಿಮ್ಮ ಮುಖ ನೋಡ್ತಾನೆ ಅಷ್ಟೇ.

ಹಾಗಾಗಿ ನಿಮ್ಮ ಬೈಕಿನ ಜೊತೆ ಬಂದ ಪುಸ್ತಕ ತೆಗೀರಿ. ವಾರಂಟಿ ಷರತ್ತು ಇರುವ ಪುಟ ಓದಿ. ಇಲ್ಲಿ ಮಾರುವ ಬಹುತೇಕ ಬೈಕಿನ ಪುಸ್ತಕದಲ್ಲಿ, ಫ್ರೀ ಮತ್ತು ಪೇಯ್ಡ್ ಸರ್ವಿಸ್ ಎಲ್ಲವನ್ನೂ ವೇಳಾಪಟ್ಟಿ ಪ್ರಕಾರ ಅಧಿಕೃತ ಸೆಂಟರಿನಲ್ಲೇ ಮಾಡಿಸಿರಬೇಕು ಅಂತ ಬರೆದಿರುತ್ತೆ. ನಿಮ್ಮದರಲ್ಲೂ ಹಾಗೇ ಇದ್ದರೆ ವಾದ ಬೇಡ. ಪಟ್ಟಿಯಲ್ಲಿರುವ ಸರ್ವಿಸ್ ಅಲ್ಲೇ ಆಗಲಿ, ಸೀಲು ಬೀಳಲಿ. ಎರಡು ಸರ್ವಿಸ್ ನಡುವಿನ ಕೆಲಸ ಪೂರ್ತಿ ನಿಮ್ಮದು. ಅದನ್ನು ಯಾವ ಕಂಪನಿಯೂ ಬೇಡ ಅನ್ನಲ್ಲ, ಪುಸ್ತಕವೇ ಮಾಡಿ ಅನ್ನುತ್ತೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೈಕ್ ಬಾಳಿಕೆ ಬರೋದು ಈ ನಡುವಿನ ಕೆಲಸದಿಂದಲೇ ಅಂತ ನನ್ನ ಅಭಿಪ್ರಾಯ.

ಇಲ್ಲಿ ಹೆಚ್ಚಿನವರು ಸಿಕ್ಕಿಬೀಳೋದು ದಿನದ ಲೆಕ್ಕದಲ್ಲಿ. ಪಟ್ಟಿಯಲ್ಲಿ ಕಿಲೋಮೀಟರೂ ಇರುತ್ತೆ, ತಿಂಗಳೂ ಇರುತ್ತೆ, ಯಾವುದು ಮೊದಲು ಬರುತ್ತೋ ಅದು. ತೋಟ, ಸೊಸೈಟಿ, ಪೇಟೆ ಅಂತ ಓಡಾಡುವ ಬೈಕಿಗೆ ಕಿಲೋಮೀಟರ್ ಆಗೋದೇ ಇಲ್ಲ. "ಇನ್ನೂ ಸಾವಿರ ಕಿಲೋಮೀಟರ್ ಬಾಕಿ ಇದೆ" ಅಂತ ಕೂತರೆ ತಾರೀಖು ದಾಟಿರುತ್ತೆ. ಆಮೇಲೆ ಏನಾದರೂ ಕೆಟ್ಟರೆ ಅವರು ಮೊದಲು ತೋರಿಸೋದು ಅದನ್ನೇ. ಮಳೆಗಾಲದ ನಡುವೆ ಸರ್ವಿಸ್ ಬೀಳುತ್ತೆ ಅಂದರೆ ಫೋನ್ ಮಾಡಿ, ಎಷ್ಟು ದಿನ ಮುಂಚೆ ತರಬಹುದು ಅಂತ ಕೇಳಿ. ಮೇ ತಿಂಗಳಲ್ಲೇ ಮುಗಿಸಿಬಿಡಿ. ಫ್ರೀ ಸರ್ವಿಸ್ ಅಂದರೆ ಕೂಲಿ ಮಾತ್ರ ಫ್ರೀ, ಆಯಿಲ್ ದುಡ್ಡು ಕೊಡಲೇಬೇಕು, ಅದಕ್ಕೆ ಜಗಳ ಬೇಡ.

ಈಗ ಚೈನ್. ಪುಸ್ತಕದಲ್ಲಿ ಸುಮಾರು 500 ಕಿಲೋಮೀಟರಿಗೊಮ್ಮೆ ಎಣ್ಣೆ ಹಾಕಿ ಅಂತ ಇರುತ್ತೆ. ಅದು ಒಣ ರಸ್ತೆಯ ಲೆಕ್ಕ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತೆ, ಘಟ್ಟದ ಮೇಲೂ ಕಮ್ಮಿ ಏನಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆಯಲ್ಲಿ ಒಂದು ಸಲ ಕುಮಟಾಕ್ಕೆ ಇಳಿದು ಹತ್ತಿದರೆ ಹಾಕಿದ ಎಣ್ಣೆ ಅರ್ಧ ತೊಳೆದುಹೋಗಿರುತ್ತೆ. ವಾರಕ್ಕೊಮ್ಮೆ ನೋಡಿ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತಗಿನ ಬ್ರಷ್ ಸಾಕು. ತಂತಿ ಬ್ರಷ್ ಬೇಡ, ಪೆಟ್ರೋಲ್ ಬೇಡ. ಓ-ರಿಂಗ್, ಅಂದರೆ ಕೊಂಡಿಗಳ ನಡುವೆ ರಬ್ಬರ್ ಬಳೆ ಇರುವ ಚೈನಾದರೆ ಪೆಟ್ರೋಲ್ ಆ ರಬ್ಬರನ್ನೇ ಹಾಳು ಮಾಡುತ್ತೆ. ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆ 90 ನಂಬರಿನ ಗೇರ್ ಆಯಿಲ್ ಅಥವಾ ಚೈನ್ ಲ್ಯೂಬ್, ಚೈನಿನ ಒಳಮಗ್ಗುಲಿಗೆ. ಚಕ್ರವನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರಿಗೆ ಹಾಕಿ ಚೈನ್ ಒರೆಸುವವರನ್ನು ನೋಡಿದ್ದೇನೆ. ಬೆರಳು ಹೋಗೋದು ಹಾಗೇ. ರಾತ್ರಿ ಹಾಕಿಟ್ಟು ಬೆಳಿಗ್ಗೆ ಹೆಚ್ಚಾದ ಎಣ್ಣೆ ಒರೆಸಿ. ಇಲ್ಲಾಂದ್ರೆ ಕೆಂಪು ಮಣ್ಣು ಹಿಡಿದು ಉಪ್ಪುಕಾಗದದ ಹಾಗೆ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ ತಿನ್ನುತ್ತೆ. ಸುಟ್ಟ ಆಯಿಲ್ ಹಚ್ಚೋ ಅಭ್ಯಾಸ ಬಿಡಿ, ಅದರಲ್ಲಿ ಮಸಿ, ಲೋಹದ ಪುಡಿ ಎಲ್ಲ ಇರುತ್ತೆ.

ಬಿಗಿ ನೋಡೋದು ಹೀಗೆ. ಗಾಡಿ ನ್ಯೂಟ್ರಲ್‌ನಲ್ಲಿ ಇರಲಿ. ಕೆಳಗಿನ ಚೈನಿನ ಸರಿ ಮಧ್ಯಕ್ಕೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಎಷ್ಟೋ ಬೈಕುಗಳಿಗೆ ಒಟ್ಟು ಆಟ 20ರಿಂದ 30 ಮಿಲಿಮೀಟರ್, ನಿಮ್ಮದಕ್ಕೆ ಎಷ್ಟು, ಯಾವ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನೋಡಬೇಕು ಅನ್ನೋದು ಪುಸ್ತಕದಲ್ಲಿದೆ. ಒಂದೇ ಕಡೆ ನೋಡಿ ಬಿಡಬೇಡಿ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಜಾಸ್ತಿ ಬಿಗಿ ಇದೆಯೋ ಅಲ್ಲಿಯ ಅಳತೆ ಹಿಡಿಯಿರಿ. ಬಿಗಿ ಸರಿ ಮಾಡುವಾಗ ಹಿಂದಿನ ಚಕ್ರದ ಎರಡು ಬದಿಯ ಗುರುತೂ ಒಂದೇ ಮನೆಗೆ ಬರಬೇಕು. ಸದ್ದು ಬರುತ್ತೆ ಅಂತ ತಂತಿಯ ಹಾಗೆ ಬಿಗಿದರೆ ಚೈನಷ್ಟೇ ಅಲ್ಲ, ಗೇರ್‌ಬಾಕ್ಸಿನ ಬೇರಿಂಗಿಗೂ ಪೆಟ್ಟು. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚೈನ್ ಸರಿ ಮಾಡಿದ ಮೇಲೆ ಬ್ರೇಕ್ ಪೆಡಲಿನ ಆಟವನ್ನೂ ನೋಡಲೇಬೇಕು.

ಆಯಿಲ್ ವಿಷಯಕ್ಕೆ ಬಂದರೆ, ವಾರಂಟಿ ಮುಗಿಯುವವರೆಗೆ ನೀವು ಅದನ್ನು ಬದಲಿಸೋದು ಬೇಡ ಅಂತಲೇ ಹೇಳ್ತೇನೆ. ಕಷ್ಟದ ಕೆಲಸ ಅಂತಲ್ಲ. ಡ್ರೇನ್ ಬೋಲ್ಟ್ ಕೂರೋದು ಅಲ್ಯೂಮಿನಿಯಂ ಕೇಸಿಂಗಿನಲ್ಲಿ. ಒಂದು ಸುತ್ತು ಜಾಸ್ತಿ ಬಿಗಿದು ಥ್ರೆಡ್ ಹೋದರೆ ಆ ಖರ್ಚು ನಿಮ್ಮದೇ. ಆಯಿಲ್ ಮಟ್ಟ ಮಾತ್ರ ತಪ್ಪದೆ ನೋಡಿ. ಎಂಜಿನ್ ನಾಲ್ಕೈದು ನಿಮಿಷ ಓಡಿಸಿ, ಬಂದ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಕಮ್ಮಿ ಇದ್ದರೆ ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಿ. ಡಬ್ಬಿಯ ಮೇಲೆ ಜಾಸೋ (JASO) ಎಂಎ ಅಥವಾ ಎಂಎ2 ಅಂತ ಇರಲಿ, ಅದು ಗೇರ್ ಬೈಕಿನ ಆಯಿಲಿನ ಗುರುತು. ಎಂಬಿ ಅಂತ ಇದ್ದರೆ ಅದು ಸ್ಕೂಟರಿನದು, ಗೇರ್ ಬೈಕಿಗೆ ಹಾಕಿದರೆ ಕ್ಲಚ್ ಜಾರುತ್ತೆ. ಮನೆಯಲ್ಲಿ ಉಳಿದ ಕಾರಿನ ಆಯಿಲೂ ಬೇಡ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಳ್ಳಗೆ ನೊರೆ ಕಂಡರೆ ಗಾಬರಿ ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ಹತ್ತಿರದಲ್ಲೇ ಓಡಾಡಿದರೆ ತೇವ ಹಾಗೆ ಕೂರುತ್ತೆ. ಆದರೆ ಒಳಗಿನ ಆಯಿಲೇ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಹಳ್ಳ ದಾಟುವಾಗ ನೀರಲ್ಲಿ ಬಂದ್ ಬಿದ್ದ ಬೈಕನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಕೊಂಡು ಬನ್ನಿ. ನೀರು ಹೊಕ್ಕಿ ಎಂಜಿನ್ ಹಾಳಾದರೆ ವಾರಂಟಿಯವರು ಕೇಳಲ್ಲ. ಅದು ಇನ್ಶೂರೆನ್ಸ್ ಕಡೆ ಹೋಗೋ ಮಾತು, ಅಲ್ಲೂ ನೀವು ತಗೊಂಡ ಪಾಲಿಸಿ ನೋಡಿಕೊಳ್ಳಬೇಕು.

ಬ್ರೇಕ್ ಪ್ಯಾಡಿನ ಗೆರೆ, ಟೈರ್ ಗಾಳಿ, ಕ್ಲಚ್ ಕೇಬಲ್ಲು, ಇವೆಲ್ಲ ನಿಮಗೆ ಗೊತ್ತಿರೋದೇ. ಏರ್ ಫಿಲ್ಟರ್ ಮಾತ್ರ ತೆಗೆಯುವ ಮೊದಲು ಯಾವ ಜಾತಿ ಅಂತ ನೋಡಿ. ಎಣ್ಣೆ ಹಿಡಿದ ಕಾಗದದ ಫಿಲ್ಟರ್ ಆದರೆ ಅದಕ್ಕೆ ಗಾಳಿ ಹೊಡೆಯೋ ಹಾಗಿಲ್ಲ, ಹೇಳಿದ ಕಿಲೋಮೀಟರಿಗೆ ಬದಲಿಸೋದು ಮಾತ್ರ. ವಾಲ್ವ್ ಅಳತೆ, ಬ್ರೇಕ್ ಫ್ಲೂಯಿಡ್, ಕೂಲೆಂಟ್, ಇಂಜೆಕ್ಟರ್ ಸೆಂಟರಿನವರಿಗೇ ಬಿಡಿ.

ನಮ್ಮ ಕಡೆಗೇ ಸೇರಿದ ಒಂದೆರಡು ವಿಷಯ ಯಾವ ಪುಸ್ತಕದಲ್ಲೂ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯೋ ದಿನ ಬೈಕನ್ನು ತೋಟದ ಬದಿಯಲ್ಲಿ ನಿಲ್ಲಿಸಬೇಡಿ. ಆ ಬೋರ್ಡೋ ದ್ರಾವಣದಲ್ಲಿರೋದು ಮೈಲುತುತ್ತ, ಅದು ಕಬ್ಬಿಣವನ್ನೂ ತಿನ್ನುತ್ತೆ, ಅಲ್ಯೂಮಿನಿಯಂ ಅನ್ನೂ ತಿನ್ನುತ್ತೆ. ಸಿಡಿದಿದ್ದರೆ ಅವತ್ತೇ ತೊಳೀರಿ. ಮುಂದಿನ ಫೋರ್ಕಿನ ಹೊಳೆಯುವ ರಾಡ್ ಮೇಲೆ ಕೆಂಪು ಮಣ್ಣು ಒಣಗಿ ಕೂತಿರುತ್ತೆ ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೀರಿ. ಹಾಗೇ ಬಿಟ್ಟರೆ ಪ್ರತಿ ಹೊಂಡಕ್ಕೂ ಆ ಮಣ್ಣು ಎಣ್ಣೆ ತಡೆಯುವ ರಬ್ಬರ್ ಸೀಲನ್ನು ಗೀರುತ್ತೆ, ಆಮೇಲೆ ಎಣ್ಣೆ ಸೋರುತ್ತೆ. ಕೆಳಗೆ ಅಂಕೋಲಾ, ಕಾರವಾರದಲ್ಲಿ ಹಿಂದೆ ಮೀನಿನ ಪೆಟ್ಟಿಗೆ ಕಟ್ಟುವವರಿಗೆ ಇನ್ನೂ ಕಷ್ಟ. ಐಸ್ ಕರಗಿದ ಉಪ್ಪುನೀರು ಸೀದಾ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್, ಚೈನಿನ ಮೇಲೆ ಇಳಿಯುತ್ತೆ. ದಿನಾ ಸಿಹಿನೀರು ಹೊಯ್ಯಬೇಕು. ಆದರೆ ಪ್ರೆಷರ್ ಪೈಪ್ ಹಿಡಿದು ಚಕ್ರದ ಬೇರಿಂಗಿಗೆ, ವೈರಿಂಗಿಗೆ ಹೊಡೆಯಬೇಡಿ. ತುಕ್ಕು ಸಾಮಾನ್ಯವಾಗಿ ವಾರಂಟಿಗೆ ಬರಲ್ಲ. ಅಡಿಕೆ ಚೀಲದ ಪಕ್ಕ ಬೈಕ್ ನಿಲ್ಲಿಸಿ ಇಲಿ ವೈರ್ ಕಡಿದರೂ ಅಷ್ಟೇ.

ವೈರಿಂಗ್ ಅಂದೆ ಅಲ್ವಾ, ನಿಜವಾಗಿ ವಾರಂಟಿ ಕಳೆಯೋದು ಚೈನಿಗೆ ಎಣ್ಣೆ ಹಾಕಿದ್ದಲ್ಲ, ಇದು. ಘಟ್ಟದ ಮಂಜಿಗೆ ಅಂತ ಪೇಟೆಯಲ್ಲಿ ವೈರ್ ಕತ್ತರಿಸಿ ಎಲ್‌ಇಡಿ ಲೈಟ್ ಕೂರಿಸ್ತಾರೆ. ಈಗಿನ ಬಿಎಸ್6 (ಹೊಗೆ ನಿಯಮದ) ಗಾಡಿಯಲ್ಲಿ ಸೆನ್ಸರು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಎಲ್ಲ ಅದೇ ವೈರಿಂಗಿಗೆ ಸೇರಿರೋದು. ಮುಂದೆ ಕರೆಂಟಿನ ಯಾವ ತೊಂದರೆ ಬಂದರೂ ಅವರು ಆ ಟೇಪ್ ಸುತ್ತಿದ ಜಾಗಕ್ಕೇ ಬೆರಳು ತೋರಿಸ್ತಾರೆ, ಅವರದ್ದು ಪೂರ್ತಿ ತಪ್ಪು ಅಂತಲೂ ಹೇಳೋಕಾಗಲ್ಲ. ಬೇಕೇ ಬೇಕು ಅಂದರೆ ಡೀಲರ್ ಹತ್ತಿರವೇ ಕಂಪನಿ ಲೈಟ್ ಹಾಕಿಸಿ, ಬಿಲ್ ಇಟ್ಟುಕೊಳ್ಳಿ.

ಮನೆಯಲ್ಲಿ ಮಾಡಿದ್ದಕ್ಕೆಲ್ಲ ಒಂದು ಪಟ್ಟಿ ಪುಸ್ತಕ ಇಡಿ. ತಾರೀಖು, ಮೀಟರ್ ಎಷ್ಟಿತ್ತು, ಏನು ಮಾಡಿದಿರಿ, ಏನು ಹಾಕಿದಿರಿ. ಡಬ್ಬಿಯ ಬಿಲ್ಲನ್ನು ಅದರೊಳಗೇ ಇಡಿ, ಮೀಟರಿನದೊಂದು ಫೋಟೊ. ಸರ್ವಿಸಿಗೆ ಬಿಟ್ಟಾಗ ಏನು ತೊಂದರೆ ಇದೆ ಅಂತ ಜಾಬ್ ಕಾರ್ಡಿನಲ್ಲಿ (ಸೆಂಟರಿನವರು ಬರೆಯುವ ಕೆಲಸದ ಚೀಟಿ) ಬರೆಸಿ, ಬಾಯಲ್ಲಿ ಹೇಳಿ ಬರಬೇಡಿ. ವಾರಂಟಿಯೊಳಗೆ ಮೊದಲ ಸಲ ಹೇಳಿದ ಸದ್ದು ವಾರಂಟಿ ಮುಗಿದ ಮೇಲೆ ದೊಡ್ಡದಾದರೆ ಆ ಕಾಗದವೇ ನಿಮಗೆ ಸಾಕ್ಷಿ.

ಇಷ್ಟಾಗಿಯೂ "ನೀವು ಕೈ ಹಾಕಿದ್ದೀರಿ, ವಾರಂಟಿ ಇಲ್ಲ" ಅಂದರೆ ಯಾವ ಷರತ್ತಿನ ಪ್ರಕಾರ, ನಾನು ಮಾಡಿದ ಯಾವ ಕೆಲಸದಿಂದ ಈ ಪಾರ್ಟ್ ಕೆಟ್ಟಿತು ಅಂತ ಬರಹದಲ್ಲಿ ಕೇಳಿ. ಬರೆದುಕೊಡಿ ಅಂದ ಕೂಡಲೇ ಎಷ್ಟೋ ಸಲ ದನಿ ಬದಲಾಗುತ್ತೆ. ಆಗದಿದ್ದರೆ ಕಂಪನಿಗೆ ಇಮೇಲ್, ಆಮೇಲೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ದೂರಿಗೆ ಕಾರಣ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು.

ಯಾವ ಬೈಕು ಅಂತ ನೀವು ಬರೆದಿಲ್ಲ. ಮಾಡೆಲ್ ಹೇಳಿ, ಸರ್ವಿಸ್ ಪಟ್ಟಿ ಮತ್ತು ವಾರಂಟಿ ಷರತ್ತಿನ ಪುಟ ಎರಡರ ಫೋಟೊ ಇಲ್ಲೇ ಹಾಕಿ. ಮುಂದಿನ ಸರ್ವಿಸ್ ಮಳೆಗೆ ಮುಂಚೆ ಮಾಡಿಸೋಕಾಗುತ್ತಾ ನೋಡೋಣ.