ಹನ್ನೆರಡು ಸೀಸೆ, ಒಂದೇ ಮೂಗು

ಹೋದ ಸಂಚಿಕೆಯಲ್ಲಿ, ಮುಂಬಯಿಯ ಲೋಕಲ್ ಗಾಡಿಯಲ್ಲಿ ಪಕ್ಕ ಕೂತವರ ಸೆಂಟಿಗೆ ನನಗೆ ತಲೆನೋವು ಬಂದ ಕತೆಯನ್ನು ಎರಡೇ ಸಾಲಿನಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧ ನನ್ನ ಪರ, ಅರ್ಧ ಆ ಪಕ್ಕದವರ ಪರ. ಸರಿ, ಈ ಸಲ ಸಾಲ, ಸೊಸೆ, ಸೊಸೈಟಿಯ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಪರಿಮಳದ್ದೇ ನೋಡೋಣ.

ಪ್ರಶ್ನೆ: ಅಕ್ಕ, ನನಗೆ 26 ವರ್ಷ. ಮನೆ ಡೊಂಬಿವಲಿ, ಆಫೀಸು ಪರೇಲ್. ಪರ್ಫ್ಯೂಮ್ ಕಲೆಕ್ಷನ್ ಮಾಡಬೇಕು ಅಂತ ಆಸೆ. ವಿಡಿಯೊ ನೋಡಿ ನೋಡಿ ಮೂರು ಬಾಟಲಿ ಆನ್‌ಲೈನ್‌ನಲ್ಲಿ ತರಿಸಿದೆ, 14 ಸಾವಿರ ಆಯ್ತು. ಒಂದು ಇಷ್ಟ ಆಯ್ತು, ಒಂದು ಪರವಾಗಿಲ್ಲ, ಇನ್ನೊಂದು ಹಾಕ್ಕೊಂಡು ಹೋದ ದಿನ ಗಾಡಿಯಲ್ಲಿ ನನಗೇ ವಾಂತಿ ಬರೋ ಹಾಗಾಯ್ತು. ಹನ್ನೆರಡು ಬಾಟಲಿ ಇದ್ರೆ ಒಳ್ಳೆ ಕಲೆಕ್ಷನ್ ಅಂತಾರೆ. ಮುಂದಿನದು ಯಾವುದು ತಗೊಳ್ಳಲಿ?

ಉತ್ತರ: ಮುಂದಿನದು ಯಾವುದೂ ಬೇಡ. ಆರು ತಿಂಗಳಾದರೂ ಬೇಡ.

ಮೊದಲು ಒಂದು ಲೆಕ್ಕ. ಸ್ಪ್ರೇ ಒಂದು ಸಲ ಒತ್ತಿದರೆ ಹೊರಗೆ ಬರುವುದು ಸುಮಾರು 0.1 ಮಿಲಿ. ಅಂದರೆ 100 ಮಿಲಿ ಬಾಟಲಿಯಲ್ಲಿ ಸಾವಿರ ಸಲ ಒತ್ತುವಷ್ಟು ಇರುತ್ತದೆ. ದಿನಕ್ಕೆ ನಾಲ್ಕು ಸಲ ಅಂತ ಹಿಡಿದರೂ ಒಂದು ಬಾಟಲಿ 250 ದಿನ. ಹನ್ನೆರಡು ಬಾಟಲಿ 3,000 ದಿನ, ಎಂಟು ವರ್ಷದ ಮೇಲಾಯಿತು. ಅಷ್ಟರಲ್ಲಿ ನಿಮಗೆ ಮದುವೆಯಾಗಿ ಮಗುವನ್ನು ಸ್ಕೂಲಿಗೆ ಸೇರಿಸುವ ಓಡಾಟ ಶುರುವಾಗಿರುತ್ತದೆ, ಹನ್ನೊಂದನೇ ಬಾಟಲಿ ಇನ್ನೂ ಅರ್ಧ ತುಂಬಿಯೇ ಇರುತ್ತದೆ. ಹನ್ನೆರಡು ಅನ್ನುವ ಲೆಕ್ಕ ಯಾರು ಹಾಕಿದರೋ! ಮಾರುವವರೇ ಹಾಕಿರಬೇಕು.

ಇನ್ನು ವಾಂತಿಯ ವಿಷಯ. ಬಾಟಲಿಯ ಹೆಸರು ನೀವು ಬರೆದಿಲ್ಲ, ಆದರೆ ವೆನಿಲ್ಲಾ, ಊದ್ (ಅಗರು ಮರದ್ದು), ಅಂಬರ್ ಅಂತ ದಪ್ಪ ಸಿಹಿಯದ್ದೇ ಇರಬೇಕು ಅಂತ ನನ್ನ ಊಹೆ. ವಿಡಿಯೊದವನು ಚಳಿ ದೇಶದಲ್ಲಿ ಕೋಟು ಹಾಕಿಕೊಂಡು ಅದನ್ನು ಹೊಗಳುತ್ತಾನೆ, ನೀವು ಮೇ ತಿಂಗಳಲ್ಲಿ ಥಾಣೆ ದಾಟುವಾಗ ಮೇಲಿನ ಹಿಡಿಕೆ ಹಿಡಿದು ನಾಲ್ಕು ಜನರ ನಡುವೆ ಸಿಕ್ಕಿಕೊಂಡು ನಿಂತಿರುತ್ತೀರಿ. ಮೈ ಬಿಸಿಯಾದಷ್ಟೂ ಸೆಂಟು ಬೇಗ ಆವಿಯಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಅದು ಹೋಗುವುದೆಲ್ಲಿಗೆ? ಆ ಬಾಟಲಿಯನ್ನು ಎಸೆಯಬೇಡಿ. ಡಿಸೆಂಬರ್‌ನಲ್ಲಿ ಊರ ಕಡೆ ರಾತ್ರಿ ಯಕ್ಷಗಾನಕ್ಕೋ, ಪುಣೆಯ ಚಳಿಗೋ ಹೋಗುವಾಗ ಒಂದೇ ಒಂದು ಸಲ ಒತ್ತಿ ನೋಡಿ. ಬೇರೆಯೇ ಸೆಂಟು ಅನಿಸಬಹುದು.

ಬಾಟಲಿಯ ಮೇಲಿನ ಫ್ರೆಂಚ್ ಅಕ್ಷರಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸುಗಂಧದ ಎಣ್ಣೆ ಎಷ್ಟಿದೆ ಅನ್ನುವುದರ ಅಂದಾಜು ಅದು. ಕೊಲೋನ್ ಅಂದರೆ ಶೇ. 2ರಿಂದ 4, ಇಡಿಟಿ (ಓ ದ ತ್ವಾಲೆಟ್) ಶೇ. 5ರಿಂದ 15, ಇಡಿಪಿ (ಓ ದ ಪರ್ಫಾಂ) ಶೇ. 15ರಿಂದ 20, ಪರ್ಫಾಂ ಅಂದರೆ ಅದಕ್ಕೂ ಮೇಲೆ. ಎಣ್ಣೆ ಜಾಸ್ತಿ ಇದ್ದರೆ ಸೆಂಟು ಚೆನ್ನಾಗಿರುತ್ತದೆ ಅಂತೇನಿಲ್ಲ. ಈ ಊರಿನ ಸೆಖೆಗೆ ನಿಂಬೆ, ಕಿತ್ತಳೆ ಸಿಪ್ಪೆಯ ಕೊಲೋನ್ ಹಾಕಿಕೊಂಡರೆ ಎರಡು ಗಂಟೆಯಲ್ಲಿ ಹೋಗುತ್ತದೆ, ಹೋಗಲಿ ಬಿಡಿ, ಆ ಎರಡು ಗಂಟೆ ಸುಖವಾಗಿರುತ್ತದೆ. ಮಧ್ಯಾಹ್ನ ಇನ್ನೊಂದು ಸಲ ಒತ್ತಿಕೊಂಡರಾಯಿತು.

ಆರು ತಿಂಗಳು ಏನು ಮಾಡಬೇಕು ಅಂದರೆ, ಮಾಲ್‌ಗೆ ಹೋಗಿ ಮೂಸಬೇಕು, ಖರೀದಿ ಮಾಡಬಾರದು. ಕಾಗದದ ಪಟ್ಟಿಯ ಮೇಲೆ ನಾಲ್ಕೈದು ನೋಡಿ, ಇಷ್ಟವಾದ ಎರಡನ್ನು ಎರಡು ಕೈಗೆ ಒಂದೊಂದು ಹಾಕಿಸಿಕೊಳ್ಳಿ, ಆಮೇಲೆ ಅಂಗಡಿಯಿಂದ ಹೊರಗೆ ಬಂದುಬಿಡಿ. ಇದು ಮುಖ್ಯ. ಮೊದಲ ಹತ್ತು ಹದಿನೈದು ನಿಮಿಷ ಮೂಗಿಗೆ ಬರುವುದು ಬೇಗ ಹಾರಿಹೋಗುವ ಪರಿಮಳ, ಅಂಗಡಿಯಲ್ಲಿ ನಮ್ಮನ್ನು ಬೀಳಿಸುವುದು ಅದೇ. ಆಮೇಲೆ ಹೂವೋ ಮಸಾಲೆಯೋ ಮೇಲೆ ಬರುತ್ತದೆ. ನಾಲ್ಕು ಗಂಟೆ ಕಳೆದ ಮೇಲೆ ಉಳಿಯುವ ಮರ, ಅಂಟು, ಕಸ್ತೂರಿಯಂಥ ತಳದ ವಾಸನೆ ಇದೆಯಲ್ಲ, ನೀವು ದಿನವಿಡೀ ಬಾಳಬೇಕಾದದ್ದು ಅದರ ಜತೆ. ಸಂಜೆ ಡೊಂಬಿವಲಿಯಲ್ಲಿ ಇಳಿಯುವಾಗ ಕೈ ಮೂಸಿ ನೋಡಿ, ಆಗಲೂ ಖುಷಿಯಾದರೆ ಒಂದು ಚೀಟಿಯಲ್ಲಿ ಹೆಸರು ಬರೆದಿಡಿ. ಮೂರು ಸಲ ಬೇರೆ ಬೇರೆ ದಿನ ಹೀಗೇ ಆದರೆ 5 ಮಿಲಿಯೋ 10 ಮಿಲಿಯೋ ತಗೊಳ್ಳಿ. ದೊಡ್ಡ ಬಾಟಲಿಯಿಂದ ತೆಗೆದು ಚಿಕ್ಕ ಸೀಸೆಯಲ್ಲಿ ಮಾರುವುದಕ್ಕೆ ಡಿಕ್ಯಾಂಟ್ ಅನ್ನುತ್ತಾರೆ. 10 ಮಿಲಿ ಅಂದರೆ ನೂರು ಸಲ, ಕಡಿಮೆಯೇನಲ್ಲ. ಅದು ಪೂರ್ತಿ ಖಾಲಿಯಾಗಿ, ಅಯ್ಯೋ ಮುಗೀತಲ್ಲ ಅನಿಸಿದರೆ ಮಾತ್ರ ದೊಡ್ಡ ಬಾಟಲಿ.

ನನ್ನ ಹತ್ತಿರ ಇರುವುದು ನಾಲ್ಕು. ಸೆಖೆಗೊಂದು ಕೊಲೋನ್, ಆಫೀಸಿಗೊಂದು ಲಾವಂಚದ್ದು, ಮದುವೆ ಮನೆಗೊಂದು ಬಿಳಿ ಹೂವಿನದ್ದು, ಮತ್ತೊಂದು ಮಿಟ್ಟಿ ಅತ್ತರು. ಒಣ ಮಣ್ಣಿನ ಬಿಲ್ಲೆಗಳನ್ನು ಸುಟ್ಟು, ನೀರಿನಲ್ಲಿ ಕಾಯಿಸಿ ಇಳಿಸುವ ಅತ್ತರು ಅದು, ಮೊದಲ ಮಳೆಯ ಮಣ್ಣಿನ ವಾಸನೆಯೇ. ಇದನ್ನು ಹೊರಗೆ ಹೋಗುವಾಗ ಹಾಕಿಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ತಡೆಯಲಾಗದಷ್ಟು ಸೆಖೆಯಾದಾಗ ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚಿಡುತ್ತೇನೆ. ಹುಚ್ಚು ಅನ್ನುತ್ತಾರೆ ಮನೆಯಲ್ಲಿ.

ಪ್ರಶ್ನೆ: ನಾನು ಉಡುಪಿ ಹತ್ತಿರದ ಕಟಪಾಡಿ ಕಡೆಯವಳು, ಮದುವೆಯಾಗಿ ಮುಲುಂಡ್‌ಗೆ ಬಂದು 19 ವರ್ಷ. ಮಲ್ಲಿಗೆ ಅಂತ ಬರೆದ ಆರು ಸೆಂಟು ತಗೊಂಡಿದ್ದೇನೆ, ಒಂದರಲ್ಲೂ ಶಂಕರಪುರ ಮಲ್ಲಿಗೆಯ ಪರಿಮಳ ಇಲ್ಲ. ಒಂದು ಬಾತ್‌ರೂಮ್ ತೊಳೆಯುವ ಲಿಕ್ವಿಡ್ ಹಾಗೆ, ಒಂದಂತೂ ನುಸಿಗುಳಿಗೆ ಹಾಗೆ. ನನ್ನ ಮೂಗೇ ಕೆಟ್ಟಿದೆಯಾ?

ಉತ್ತರ: ನಿಮ್ಮ ಮೂಗು ಕೆಟ್ಟಿಲ್ಲ, ಎರಡನ್ನೂ ಸರಿಯಾಗಿಯೇ ಹಿಡಿದಿದೆ. ಮಲ್ಲಿಗೆಯ ಪರಿಮಳದಲ್ಲಿ ಬೆಂಜೈಲ್ ಅಸಿಟೇಟ್ ಅಂತ ಒಂದು ಅಂಶವಿದೆ. ಅದನ್ನು ಅಗ್ಗವಾಗಿ ಕಾರ್ಖಾನೆಯಲ್ಲೂ ಮಾಡುತ್ತಾರೆ, ಸಾಬೂನಿಗೂ ಕ್ಲೀನರ್‌ಗೂ ಸುರಿಯುತ್ತಾರೆ. ಅದೊಂದೇ ಮುಂದೆ ಬಂದರೆ ಬಾತ್‌ರೂಮ್ ನೆನಪಾಗದೆ ಇನ್ನೇನು? ಇನ್ನೊಂದು ಇಂಡೋಲ್. ಇದೂ ನಿಜವಾದ ಮಲ್ಲಿಗೆಯಲ್ಲಿ ಇರುವುದೇ. ಚೂರೇ ಚೂರು ಇದ್ದರೆ ಹೂವಿಗೆ ಜೀವ ಬರುತ್ತದೆ, ಜಾಸ್ತಿಯಾದರೆ ನುಸಿಗುಳಿಗೆ. ರಾತ್ರಿ ಮುಡಿದ ಮಲ್ಲಿಗೆಯನ್ನು ಬೆಳಿಗ್ಗೆ ದಿಂಬಿನ ಮೇಲಿಂದ ಎತ್ತಿ ಮೂಸಿ ನೋಡಿದ್ದೀರಲ್ವಾ, ಆ ಸ್ವಲ್ಪ ಕೊಳೆತ ಹಾಗಿರುವ ವಾಸನೆ ಇದೆಯಲ್ಲ, ಅದರ ಹತ್ತಿರದ್ದು.

ಕಷ್ಟ ಇರುವುದು ಹೂವಿನಲ್ಲೇ. ಬೆಳಿಗ್ಗೆ ಕೊಯ್ದಾಗ ಅದು ಮೊಗ್ಗು, ಹಸಿ ವಾಸನೆ. ಸಂಜೆ ಬಿರಿಯುತ್ತದೆ, ಆಗ ಸಿಹಿ. ಕೊಯ್ದ ಮೇಲೂ ಪರಿಮಳ ಬಿಡುತ್ತಲೇ ಇರುತ್ತದೆ, ಗಂಟೆಗೊಂದು ಥರ. ಸೀಸೆಯೊಳಗೆ ಸಿಗುವುದು ಆ ಇಡೀ ದಿನದಲ್ಲಿ ಯಾವುದೋ ಒಂದು ಗಳಿಗೆ. ಬರೀ ಹಬೆಯಲ್ಲಿ ಇಳಿಸಲು ಹೋದರೆ ಮಲ್ಲಿಗೆಯ ನಾಜೂಕು ಕೆಟ್ಟುಹೋಗುತ್ತದೆ. ಅದಕ್ಕೇ ಹೂವನ್ನು ದ್ರಾವಕದಲ್ಲಿ ನೆನೆಸಿ, ಮೊದಲು ಮೇಣದಂಥದ್ದು ತೆಗೆದು, ಅದನ್ನು ಆಲ್ಕೋಹಾಲ್‌ನಲ್ಲಿ ತೊಳೆದು ಅಬ್ಸಲ್ಯೂಟ್ ಮಾಡುತ್ತಾರೆ. ಒಂದು ಕಿಲೋ ಅಬ್ಸಲ್ಯೂಟ್‌ಗೆ ನೂರಾರು ಕಿಲೋ ಹೂ ಬೇಕು. 300 ರೂಪಾಯಿಯ ಸೀಸೆಯಲ್ಲಿ ಅದು ಎಲ್ಲಿಂದ ಬರಬೇಕು ಹೇಳಿ.

ಉತ್ತರ ಪ್ರದೇಶದ ಅತ್ತರಿನ ಊರು ಕನ್ನೌಜ್‌ನವರದು ಬೇರೆ ದಾರಿ. ತಾಮ್ರದ ದೊಡ್ಡ ಹಂಡೆಯಲ್ಲಿ ಹೂ ಮತ್ತು ನೀರು, ಬಾಯಿಗೆ ಮಣ್ಣು ಮೆತ್ತಿ ಸಣ್ಣ ಉರಿ, ಬಿದಿರಿನ ಕೊಳವೆಯಲ್ಲಿ ಹಬೆ ಇಳಿದು ಶ್ರೀಗಂಧದ ಎಣ್ಣೆ ತುಂಬಿದ ಇನ್ನೊಂದು ಪಾತ್ರೆಗೆ. ಹಂಡೆಗೆ ದೇಗ್, ಆ ಪಾತ್ರೆಗೆ ಭಪ್ಕಾ ಅಂತ ಹೆಸರು. ಹೂವಿನ ಪರಿಮಳವನ್ನು ಗಂಧದೆಣ್ಣೆ ಹಿಡಿದಿಟ್ಟುಕೊಳ್ಳುತ್ತದೆ. ಇದು ನಿಮಗೆ ಹಿಡಿಸಬಹುದು ಅಂತ ನನಗೆ ಅನಿಸುತ್ತದೆ.

ಒಂದು ಭಾನುವಾರ ಮೊಹಮ್ಮದ್ ಅಲಿ ರೋಡ್‌ಗೆ ಹೋಗಿ, ಮಿನಾರಾ ಮಸೀದಿಯ ಆಸುಪಾಸಿನಲ್ಲಿ ಅತ್ತರಿನ ಅಂಗಡಿಗಳಿವೆ. ಅಲ್ಲಿ ಒಂದು ಎಚ್ಚರ. ‘ಚಮೇಲಿ’ ಅಂತ ಕೇಳಿದರೆ ಜಾಜಿಯದ್ದು ಕೊಡುತ್ತಾರೆ. ನಮ್ಮ ಮಲ್ಲಿಗೆಯ ಜಾತಿ ಬೇಕಾದರೆ ಮೋಗ್ರಾ, ಬೇಲಾ, ಮೋತಿಯಾ ಅಂತ ಕೇಳಬೇಕು. ನಿಮ್ಮ ಆರು ಸೀಸೆಗಳಲ್ಲಿ ಎರಡು ಮೂರಾದರೂ ಜಾಜಿಯದ್ದೇ ಇರಬಹುದು ಅಂತ ನನ್ನ ಗುಮಾನಿ. ಅತ್ತರನ್ನು ತೊಲದ ಲೆಕ್ಕದಲ್ಲಿ ಮಾರುತ್ತಾರೆ, ಒಂದು ತೊಲ ಅಂದರೆ 11.66 ಗ್ರಾಂ. ಅಷ್ಟು ಬೇಡ, 3 ಮಿಲಿ ಸೀಸೆ ಕೇಳಿ. ಗಂಧದೆಣ್ಣೆಗೆ ಈಗ ಕಿಲೋಗೆ ಲಕ್ಷಗಟ್ಟಲೆ ಬೆಲೆ, ಹಾಗಾಗಿ ಹೆಚ್ಚಿನ ಅತ್ತರುಗಳ ತಳದಲ್ಲಿ ಪ್ಯಾರಫಿನ್‌ನಂಥ ಬೇರೆ ಎಣ್ಣೆ ಇರುತ್ತದೆ. ಅಸಲಿ ಶ್ರೀಗಂಧದ ಮೇಲೆ ಇಳಿಸಿದ ಮೋತಿಯಾ ಇದೆ, ಬೆಲೆ ಇನ್ನೂರು ರೂಪಾಯಿ ಅಂತ ಯಾರಾದರೂ ಅಂದರೆ ನಕ್ಕು ಮುಂದೆ ಹೋಗಿ. ಮುಂಗೈಗೆ ಒಂದು ಗೆರೆ ಹಚ್ಚಿಸಿಕೊಂಡು ಆಚೆ ಎರಡು ಗಂಟೆ ತಿರುಗಾಡಿ, ತಿನ್ನುವುದಕ್ಕೆ ಆ ರಸ್ತೆಯಲ್ಲಿ ಕಡಿಮೆಯೇನಿಲ್ಲ.

ಆದರೂ ಊರಿನ ಮಲ್ಲಿಗೆ ಲೆಕ್ಕದಲ್ಲಿ ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಎಣಿಸಿಕೊಂಡು ಬೆಳೆದವರಿಗೆ ಯಾವ ಸೀಸೆಯೂ ಸಾಲುವುದಿಲ್ಲ ಅನ್ನುವುದು ನನಗೂ ಗೊತ್ತು. ತಿಂಗಳಿಗೊಮ್ಮೆ ಹೂವನ್ನೇ ತಗೊಳ್ಳಿ. ಸಿಗ್ನಲ್‌ನಲ್ಲಿ ಹುಡುಗರು ಹಿಡಿದುಕೊಂಡು ಬರುವ ಸೋನ್‌ಚಾಫಾ ಕೂಡ, ನಮ್ಮ ಸಂಪಿಗೆಯೇ ಅದು, ಹತ್ತು ಇಪ್ಪತ್ತು ರೂಪಾಯಿಗೆ ಮನೆಯೆಲ್ಲ ಘಮ್ಮೆನ್ನುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಕಾಫಿ ಬೀಜ ಮೂಸಲು ಕೊಡ್ತಾರಲ್ಲ, ಅದರಿಂದ ನಿಜವಾಗಿ ಮೂಗು ಸರಿಹೋಗುತ್ತಾ? (ಸಾಂತಾಕ್ರೂಜ್)

ಉತ್ತರ: ಸರಿಹೋಗುವುದು ಸುಮ್ನೆ ಹೊರಗಿನ ಗಾಳಿಯಿಂದ. ಕಾಫಿಯೂ ಒಂದು ವಾಸನೆಯೇ ಅಲ್ವಾ? ನಿಮ್ಮದೇ ಅಂಗಿಯ ತೋಳನ್ನು ಮೂಸಿದರೂ ಸಾಕು. ಇನ್ನೊಂದು ಮಾತು, ಅರ್ಧ ಗಂಟೆಯಾದ ಮೇಲೆ ನಿಮ್ಮ ಸೆಂಟು ನಿಮಗೇ ಗೊತ್ತಾಗುವುದಿಲ್ಲ, ಮೂಗಿಗೆ ಅದು ಅಭ್ಯಾಸ ಆಗಿರುತ್ತದೆ. ಹೋಗಿಬಿಟ್ಟಿತು ಅಂತ ಮತ್ತೆ ಹೊಡೆದುಕೊಳ್ಳಬೇಡಿ, ಹೋದ ಸಂಚಿಕೆಯ ನನ್ನ ತಲೆನೋವು ಶುರುವಾದದ್ದು ಹಾಗೇ ಇರಬೇಕು.

ಪ್ರಶ್ನೆ: ನಮ್ಮವರು ಸೆಂಟಿನ ಬಾಟಲಿಗಳನ್ನೆಲ್ಲ ಬಾತ್‌ರೂಮಿನ ಕನ್ನಡಿ ಕೆಳಗೆ ಸಾಲಾಗಿ ಜೋಡಿಸಿದ್ದಾರೆ. ಈ ಮಳೆಗಾಲದಲ್ಲಿ ಒಂದರ ಬಣ್ಣ ಕಂದು ಆಗಿದೆ. ಎಸೆಯಲಾ ಅಂದ್ರೆ ಜಗಳಕ್ಕೆ ಬರ್ತಾರೆ. (ಥಾಣೆ)

ಉತ್ತರ: ಎಸೆಯಬೇಡಿ, ಜಾಗ ಬದಲಿಸಿ. ಸೆಂಟಿಗೆ ಆಗದೇ ಇರುವುದು ಬಿಸಿ, ಬೆಳಕು, ಗಾಳಿ. ದಿನಾ ಬಿಸಿನೀರಿನ ಹಬೆ ಏಳುವ, ಮತ್ತೆ ತಣ್ಣಗಾಗುವ ಬಾತ್‌ರೂಮಿಗಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ, ಗ್ಯಾಸ್ ಒಲೆಯ ಪಕ್ಕ ಬಿಟ್ಟರೆ. ಬಟ್ಟೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಅದರದ್ದೇ ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸಿಡಿ. ಕಂದು ಆಗಿದೆ ಅಂದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ವೆನಿಲ್ಲಾ ಇರುವ ಸೆಂಟು ತಾನಾಗಿಯೇ ಕಪ್ಪಾಗುತ್ತಾ ಹೋಗುತ್ತದೆ. ಒಂದು ಸಲ ಒತ್ತಿ ಹತ್ತು ನಿಮಿಷ ಕಾದು ನೋಡಿ, ಆಗಲೂ ಹುಳಿ ಹುಳಿ ಅಥವಾ ನೇಲ್ ಪಾಲಿಶ್ ಹಾಗೆ ಬಂದರೆ ಅದರ ಕತೆ ಮುಗಿಯಿತು. ಫ್ರಿಜ್‌ನಲ್ಲಿ ಇಟ್ಟರೂ ಆಗುತ್ತದೆ, ಆದರೆ ಮೊಸರಿನ ಪಕ್ಕ ಬೇಡ. ಹಾಂ, ರೇಷ್ಮೆ ಸೀರೆಯ ಮೇಲೆ ನೇರವಾಗಿ ಹೊಡೆಯಬೇಡಿ, ಕಲೆ ಉಳಿಯಬಹುದು.

ಪ್ರಶ್ನೆ: ಸ್ಟೇಷನ್ ಹೊರಗೆ ಬ್ಯಾಗಿನಲ್ಲಿಟ್ಟು ‘ಹಡಗಿನ ಮಾಲು’ ಅಂತ 8 ಸಾವಿರದ ಸೆಂಟನ್ನು 800ಕ್ಕೆ ಕೊಡ್ತಾರೆ. ಅಸಲಿ ಅಂಬರ್ ಇದೆ ಅಂತಾನೂ ಒಬ್ಬ ಹೇಳಿದ. ತಗೋಬಹುದಾ? (ಕಲ್ಯಾಣ್)

ಉತ್ತರ: ನಾನು ಈ ಗುಂಡಿಗೆ ಬಿದ್ದವಳೇ. ಇಪ್ಪತ್ತು ವರ್ಷದ ಹಿಂದೆ, ಮೊದಲ ಸಂಬಳ. ಅವನು ನನ್ನ ಕೈಗೆ ಹೊಡೆದು ತೋರಿಸಿದ್ದು ಅಸಲಿಯೇ, ಮಾರಿದ್ದು ಪ್ಲಾಸ್ಟಿಕ್ ಸುತ್ತಿದ ಇನ್ನೊಂದು ಡಬ್ಬಿ. ಮನೆಗೆ ಬಂದು ಬಿಚ್ಚಿದರೆ ಸ್ಪಿರಿಟ್ ವಾಸನೆಯ ಬಣ್ಣದ ನೀರು. ಅಂಬರ್ ವಿಷಯ ಅದಕ್ಕಿಂತ ಅಪಾಯ. ಅಂಬರ್‌ಗ್ರಿಸ್ ಅನ್ನುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗುವ ವಸ್ತು. ಆ ತಿಮಿಂಗಿಲ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ಬರುತ್ತದೆ, ಆದ್ದರಿಂದ ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಪರ್ಫ್ಯೂಮಿನ ಡಬ್ಬಿಯ ಮೇಲೆ ಅಂಬರ್ ಅಂತ ಇರುವುದು ಬೇರೆ, ಅದು ಲ್ಯಾಬ್ಡನಮ್ ಎಂಬ ಗಿಡದ ಅಂಟು, ವೆನಿಲ್ಲಾ ಎಲ್ಲ ಸೇರಿಸಿ ಮಾಡುವ ಪರಿಮಳ. ಅದಕ್ಕೆ ಹೆದರಬೇಕಿಲ್ಲ.

ಪ್ರಶ್ನೆ: ನಲವತ್ತು ವರ್ಷದಿಂದ ವಾಶಿಯಲ್ಲಿ ಹೋಟೆಲು ನಡೆಸುತ್ತಿದ್ದೇನೆ, ಈಗ 68. ಎಷ್ಟು ಸ್ನಾನ ಮಾಡಿದರೂ ಮೈಯಿಂದ ಸಾಂಬಾರಿನ ವಾಸನೆ ಹೋಗುವುದಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಬರುವ ತಿಂಗಳು ಮೊಮ್ಮಗಳ ಮದುವೆ. ನನಗೆ ಕಲೆಕ್ಷನ್ ಏನೂ ಬೇಡ ತಂಗಿ, ಒಂದೇ ಒಂದು ಹೇಳು.

ಉತ್ತರ: ಅಣ್ಣಾ, ಶ್ರೀಗಂಧದ ಎಣ್ಣೆ. ಬೇರೆ ಯೋಚನೆಯೇ ಬೇಡ. ಮೈಸೂರಿನ ಸರಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿ ನೂರು ವರ್ಷ ದಾಟಿತು. ಮೈಸೂರ್ ಸ್ಯಾಂಡಲ್ ಸಾಬೂನು ಮಾಡುವ ಸರಕಾರಿ ಕಂಪನಿಯವರು ಎಣ್ಣೆಯನ್ನೂ ಮಾರುತ್ತಾರೆ, ಚಿಕ್ಕ ಸೀಸೆಗೇ ಸಾವಿರಗಟ್ಟಲೆ ಆಗುತ್ತದೆ, ಆಗಲಿ, ಮೊಮ್ಮಗಳ ಮದುವೆ ತಾನೇ. ಒಂದು ಹನಿ ಎರಡು ಮುಂಗೈಗೂ, ಒಂದು ಕಿವಿಯ ಹಿಂದೆ. ಮೊದಲ ಐದು ನಿಮಿಷ ಏನೂ ಇಲ್ಲ ಅನಿಸುತ್ತದೆ, ಅದು ನಿಧಾನದ ಪರಿಮಳ, ಸಂಜೆಯವರೆಗೂ ಇರುತ್ತದೆ. ಹತ್ತಿರ ಬಂದು ಕಾಲಿಗೆ ಬಿದ್ದವರಿಗೆ ಮಾತ್ರ ಗೊತ್ತಾಗುತ್ತದೆ, ಅಷ್ಟೇ ಬೇಕಾದದ್ದು.

ಆದರೆ ಇಂಗು, ಒಗ್ಗರಣೆಯ ವಾಸನೆ ಕೂತಿರುವುದು ಮೈಯಲ್ಲಲ್ಲ, ತಲೆಗೂದಲಲ್ಲಿ ಮತ್ತು ಬಟ್ಟೆಯಲ್ಲಿ. ಅದರ ಮೇಲೆ ಎಣ್ಣೆ ಹಚ್ಚಿದರೆ ಗಂಧದ ಸಾಂಬಾರು ಆಗುತ್ತದೆ. ಹಾಗಾಗಿ ಮದುವೆಯ ಬಟ್ಟೆಯನ್ನು ಹೋಟೆಲಿನ ಮೇಲಿನ ರೂಮಿನಲ್ಲಿ ಇಡಬೇಡಿ, ಆ ದಿನ ಬೆಳಿಗ್ಗೆ ತಲೆಸ್ನಾನ ಮಾಡಿ, ಮಾಡಿದ ಮೇಲೆ ಅಡುಗೆ ಭಟ್ಟರ ಕಡೆ ಹೋಗಬೇಡಿ. ಹೋಗದೆ ಇರುವುದಿಲ್ಲ ನೀವು, ಗೊತ್ತು. ಹೋದರೆ ಒಗ್ಗರಣೆ ಹಾಕುವ ಮೊದಲೇ ಹೊರಗೆ ಬಂದುಬಿಡಿ.