ಉಪ್ಪೇ ತಿನ್ನದವರು ಎರಡು ಬಗೆದರೇ?

ಪ್ರಶ್ನೆ: ಮೆಕ್ಸಿಕೋದ ತ್ಲಾಸ್ಕಾಲದವರು ಸ್ಪೇನಿನವರ ಜೊತೆ ಸೇರಿ ಅಜ್ಟೆಕರನ್ನು ಸೋಲಿಸಿದರಂತೆ. ತಮ್ಮವರಿಗೇ ದ್ರೋಹ ಮಾಡಿದಂತಾಯಿತು ಅಲ್ವಾ? ಅದರಿಂದ ಅವರಿಗೆ ಸಿಕ್ಕಿದ್ದೇನು?

ಉತ್ತರ: ಮೆಕ್ಸಿಕೋದಲ್ಲೂ ಹಾಗೆ ಬೈಯುವವರಿದ್ದಾರೆ. ಆದರೆ ‘ತಮ್ಮವರು’ ಅಂದರೆ ಯಾರು? ಇಬ್ಬರದೂ ನಹುವಾತ್ಲ್ ಭಾಷೆ, ನಿಜ. ತ್ಲಾಸ್ಕಾಲ ಮಾತ್ರ ಅಜ್ಟೆಕರ ಕೈಗೆ ಸಿಗದ ಬೇರೆಯೇ ರಾಜ್ಯ. ಅಲ್ಲಿ ಒಬ್ಬನೇ ರಾಜನೂ ಇರಲಿಲ್ಲ. ನಾಲ್ಕು ದೊಡ್ಡ ಮನೆತನಗಳ ಒಡೆಯರು ಕೂತು ತೀರ್ಮಾನಿಸುತ್ತಿದ್ದರು. ಸುತ್ತಲಿನ ನೆಲವೆಲ್ಲ ಅಜ್ಟೆಕರದು. ಉಪ್ಪು, ಹತ್ತಿ ಒಳಗೆ ಬರದಂತೆ ತಡೆದಿದ್ದರು. ಜನ ವರ್ಷಗಟ್ಟಲೆ ಸಪ್ಪೆ ಊಟ ಉಂಡರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತೀವಿ. ಇವರಿಗೆ ಆ ಉಪ್ಪೇ ಸಿಕ್ಕಿರಲಿಲ್ಲ!

ಅವರು ಸುಮ್ನೆ ಕೈಜೋಡಿಸಲೂ ಇಲ್ಲ. 1519ರ ಸೆಪ್ಟೆಂಬರಿನಲ್ಲಿ ಸ್ಪೇನಿನವರ ನಾಯಕ ಕೊರ್ತೆಸ್‌ನ ದಂಡಿನ ಮೇಲೆ ಬಿದ್ದು ಚೆನ್ನಾಗಿ ಕಾದಾಡಿದರು. ಆಮೇಲೆ ರಾಜಿಯಾಯಿತು. ಕಿರಿಯ ಶಿಕೋತೆಂಕಾತ್ಲ್ ಎಂಬ ದಂಡನಾಯಕನಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. 1521ರಲ್ಲಿ ಕೊರ್ತೆಸ್ ಅವನನ್ನು ಗಲ್ಲಿಗೇರಿಸಿದ. ಅದೇ ಆಗಸ್ಟ್ 13ಕ್ಕೆ ಅಜ್ಟೆಕ್ ರಾಜಧಾನಿ ಬಿತ್ತು. ಸಾವಿರಾರು ತ್ಲಾಸ್ಕಾಲ ಯೋಧರಿಲ್ಲದೆ ಅದು ಆಗುವ ಮಾತಲ್ಲ.

ಸಿಕ್ಕಿದ್ದು? ಮೊದಲಿಗೆ ಸಿಡುಬು. ಒಡೆಯರಲ್ಲೊಬ್ಬನಾದ ಮಾಶೀಶ್ಕಾತ್ಸಿನ್ 1520ರಲ್ಲೇ ಅದಕ್ಕೆ ಬಲಿಯಾಗಿದ್ದ. ಕಪ್ಪವೂ ಪೂರ್ತಿ ತಪ್ಪಲಿಲ್ಲ, ಮೆಕ್ಕೆಜೋಳ ಕೊಡಬೇಕಾಯಿತು. ಆದರೆ ಊರಾಡಳಿತ ಕೈಬಿಡಲಿಲ್ಲ. ಅವರ ಪುರಸಭೆಯ ನಡಾವಳಿಗಳು ನಹುವಾತ್ಲ್‌ನಲ್ಲೇ ಇವೆ. ನನಗೆ ಜಾಸ್ತಿ ಇಷ್ಟವಾದದ್ದು 1553ರ ಒಂದು ದೂರು. ಪಾಪಾಸುಕಳ್ಳಿಯ ಮೇಲೆ ಸಾಕುವ ಕೊಚಿನೀಲ್ ಹುಳುವಿನಿಂದ ಕೆಂಪು ಬಣ್ಣ ಬರುತ್ತದೆ. ಅದಕ್ಕೆ ಆಗ ಭಾರಿ ಬೆಲೆ. ಸಾಮಾನ್ಯ ಜನ ಹೊಲ ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆ, ಮೆಕ್ಕೆಜೋಳದ ಬೆಲೆ ಏರಿದೆ, ದುಡ್ಡಿನ ಸೊಕ್ಕಿನಲ್ಲಿ ಕುಡಿಯುತ್ತಾರೆ, ದೊಡ್ಡವರಿಗೆ ಮರ್ಯಾದೆ ಕೊಡುವುದಿಲ್ಲ ಅಂತ ಶ್ರೀಮಂತರ ಗೋಳು. ಗೆದ್ದವರಿಗೆ ಬಗ್ಗಿ ನಡೆಯುವ ಊರಿನ ಮಾತಿನಂತೆ ಇದು ಕೇಳಿಸುತ್ತದೆಯೇ?

ಹಕ್ಕು ಕೇಳುವುದರಲ್ಲೂ ಅವರು ಪಳಗಿದ್ದರು. ಯುದ್ಧದಲ್ಲಿ ತಾವು ಮಾಡಿದ್ದನ್ನೆಲ್ಲ ದೊಡ್ಡ ಬಟ್ಟೆಯ ಮೇಲೆ ಚಿತ್ರವಾಗಿ ಬರೆಸಿದರು. ಸ್ಪೇನಿಗೇ ನಿಯೋಗ ಕಳಿಸಿದರು. 1591ರಲ್ಲಿ ಉತ್ತರದ ಗಡಿಯಲ್ಲಿ ನೆಲೆಸಲು 400 ಕುಟುಂಬ ಕೊಡಿ ಎಂದು ಸರ್ಕಾರ ಕೇಳಿತು. ತೆರಿಗೆ ಇರಬಾರದು, ಕುದುರೆ ಏರಲು ಬಿಡಬೇಕು ಎಂದರು. ಅದೆಲ್ಲ ಬರವಣಿಗೆಯಲ್ಲಿ ಸಿಕ್ಕ ಮೇಲೇ ಗಂಟುಮೂಟೆ ಕಟ್ಟಿದ್ದು.